ತುಳಿಯಲೆಂದು ಬಿತ್ತಿದ ಹುರುಳಿ

ತೆಪ್ಪ ತಾಗಿಸುವ ಜೆಟ್ಟಿ ಎಲ್ಲಿ ಕಟ್ಟಬೇಕೆಂದು ಗೊತ್ತು ಮಾಡಿದ್ದು ಬಾಗಿನ ಬಿಡುವ ದಿನ. ಆಮೇಲಿನ ತಾಪತ್ರಯವೆಲ್ಲ ಶುರುವಾದದ್ದು ಅಲ್ಲಿಂದಲೇ.

ಹಗರಿಬೊಮ್ಮನಹಳ್ಳಿಯಿಂದ ಹಂಪಸಾಗರದ ಕಡೆಗೆ ಹೋಗುವಾಗ ನಡುವೆ ಒಂದು ಕಡೆ ಬಸ್ಸಿಳಿದು ನಡೆದರೆ ಸಿಗುವ ಊರು ಅದು. ತುಂಗಭದ್ರೆಯ ಹಿನ್ನೀರು ಅಲ್ಲಿನ ಹೊಲಗಳವರೆಗೂ ಬಂದು ನಿಲ್ಲುತ್ತದೆ. ನೀರು ತುಂಬಿದ ವರ್ಷ ಹೆಂಗಸರು ಮೊರದಲ್ಲಿ ಬಾಗಿನ ತಂದು ಬಿಡುತ್ತಾರೆ. ಆ ದಿನ ಊರೆಲ್ಲ ದಡದಲ್ಲಿರುತ್ತದೆ. ಜೆಟ್ಟಿ ಮಂಜೂರು ಮಾಡಿದ ಇಲಾಖೆಯವರಿಗೂ ಅದೇ ಅನುಕೂಲ. ಎಲ್ಲರೂ ಒಂದೇ ಕಡೆ ಸಿಗುತ್ತಾರೆ, ಊಟವೂ ಆಗುತ್ತದೆ. ಜೀಪಿನಿಂದ ಇಳಿದ ಜೂನಿಯರ್ ಇಂಜಿನಿಯರ್, ಅಂದರೆ ಜೆ.ಇ., ಟೇಪು ಬಿಚ್ಚಿ, "ಎಲ್ಲಿ ಬೇಕು ಹೇಳ್ರಪ್ಪ" ಅಂದನಂತೆ. ಎಲ್ಲರೂ ನೀರಿನ ಅಂಚು ತೋರಿಸಿ "ಇಲ್ಲೇ" ಅಂದರಂತೆ. ಅಲ್ಲೇ ಗೂಟ ಬಿತ್ತು. ಬಾಗಿನದ ಅರಿಶಿನ ಕುಂಕುಮ ಕೈಯಲ್ಲೇ ಇತ್ತಲ್ಲ, ಯಾರೋ ಗೂಟಕ್ಕೂ ಹಚ್ಚಿದರು. ಇನ್ಯಾರೋ ಕಾಯಿ ಒಡೆದರು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಕೆಸರು ದಾಟಿ ಅಲ್ಲಿಗೆ ಮುಟ್ಟುವ ಹೊತ್ತಿಗೆ ಗೂಟ ದೇವರಾಗಿತ್ತು.

ನನಗೇನು ಕೆಲಸ ಅಲ್ಲಿ ಎಂದರೆ, ನಾನು ನೀರಾವರಿ ಕೆಲಸದಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತಳಾದವಳು. ಆ ಊರಿನ ಮೀನುಗಾರ ಮಹಿಳೆಯರ ಸಂಘದವರು ನನ್ನನ್ನು ತಮ್ಮ 'ಆನರರಿ ಟೆಕ್ನಿಕಲ್ ಅಡ್ವೈಸರ್' ಮಾಡಿಕೊಂಡಿದ್ದರು. ಆ ಮೂರು ಶಬ್ದಗಳನ್ನು ನಾನೇ ಬರೆದುಕೊಟ್ಟಿದ್ದೆ. ಅವರು ಕರೆಯುತ್ತಿದ್ದದ್ದು 'ಲೆವೆಲ್ ಮೇಡಂ' ಎಂದು.

ಸಂಘಕ್ಕೆ ಬೇಕಾಗಿದ್ದದ್ದು ಒಂದೇ: ತೋಟದ ಗೇಟು ದಾಟದೆ ನೀರಿಗೆ ಹೋಗುವ ದಾರಿ. ಅಣೆಕಟ್ಟು ಬರುವುದಕ್ಕೆ ಮುಂಚಿನಿಂದ ಹೊಳೆಗೆ ಇಳಿಯುತ್ತಿದ್ದ ಬಂಡಿದಾರಿ ಈಗ ಒಬ್ಬ ಗೌಡರ ತೋಟದ ಒಳಗೆ ಸೇರಿಹೋಗಿದೆ. ಗೌಡರು ಕೆಟ್ಟವರಲ್ಲ, ನಯವಾದ ಮನುಷ್ಯ. ಗೇಟಿಗೆ ಬೀಗ ಹಾಕುವುದಿಲ್ಲ, ಯಾರನ್ನೂ ತಡೆಯುವುದಿಲ್ಲ. ಆದರೆ ತೋಟದೊಳಗೆ ಮಾವಿನ ಗಿಡದ ಕೆಳಗೆ ಅವರ ಭಾವಮೈದನ ತಕ್ಕಡಿ ಇದೆ. ಹೊರಗಿನ ವ್ಯಾಪಾರಿಯ ಗಾಡಿ ಒಳಗೆ ಬರುವ ಹಾಗಿಲ್ಲ. ಗಿಡದ ಬೇರು ಹಾಳಾಗುತ್ತದಂತೆ. ಹಿನ್ನೀರಿನಲ್ಲಿ ಗಂಡಸರು ತೆಪ್ಪ ಹಾಕಿ ಬಲೆ ಬೀಸಿ ಹಿಡಿದ ಮೀನನ್ನು ಹೆಂಗಸರು ಕ್ರೇಟಿನಲ್ಲಿ ತಲೆಯ ಮೇಲೆ ಹೊತ್ತು ಆ ಗಿಡದವರೆಗೆ ತರಬೇಕು. ಅಲ್ಲಿ ಅವನು ಹೇಳಿದ್ದೇ ರೇಟು. ಬೇಡವೆನ್ನಬಹುದು. ಬೇಡವೆಂದು ಮೀನನ್ನು ಎಲ್ಲಿಗೆ ಒಯ್ಯುವುದು?

ಗೂಟ ನೋಡಿ ನನಗೆ ತಲೆ ಬಿಸಿಯಾಯಿತು. ಜೆ.ಇ. ಹರಪನಹಳ್ಳಿ ಕಡೆಯ ಹುಡುಗ, ಮರ್ಯಾದೆಯವನು.

"ಏನಪ್ಪ, ಇವತ್ತು ಫುಲ್ ರಿಸರ್ವಾಯರ್ ಲೆವೆಲ್. ಸಂಕ್ರಾಂತಿ ಹೊತ್ತಿಗೆ ನೀರು ಎಲ್ಲಿರ್ತದೆ ನೋಡಿದೀಯಾ?" ಎಂದೆ.

"ನೋಡಿಲ್ಲ ಮೇಡಂ. ಸ್ಟ್ಯಾಂಡರ್ಡ್ ಡ್ರಾಯಿಂಗ್‌ನಾಗೆ ಜೆಟ್ಟಿ ನೀರಿನ ಅಂಚಿಗೆ ಅಂತ ಐತೆ. ನೀರಿನ ಅಂಚು ಇದೇ ಅಲ್ವಾ?"

"ಇವತ್ತಿಗೆ ಇದು."

"ಇವತ್ತೇ ಸೈಟ್ ಇನ್‌ಸ್ಪೆಕ್ಷನ್ ಮೇಡಂ" ಅಂದ ಅವನು. ನಗುತ್ತಿರಲಿಲ್ಲ.

ಆ ನೆಲದ ಇಳಿಜಾರು ಸುಮಾರು ನೂರಕ್ಕೆ ಒಂದು. ನೀರು ಒಂದು ಅಡಿ ಇಳಿದರೆ ದಡ ನೂರು ಅಡಿ ಹಿಂದೆ ಹೋಗುತ್ತದೆ. ಕಾಲುವೆಗೆ ನೀರು ಬಿಟ್ಟಂತೆಲ್ಲ ಹಿನ್ನೀರು ಇಳಿದು, ಬೇಸಿಗೆಯಲ್ಲಿ ಮುಳುಗಿದ ಊರಿನ ಬಾವಿಯ ಕಲ್ಲು ಕಟ್ಟೆ ಹೊರಗೆ ಬರುತ್ತದೆ. ಅದರ ಆಚೆಗೂ ನೀರು ಒಂದು ಬೆಳ್ಳಿ ಗೆರೆಯ ಹಾಗೆ ದೂರದಲ್ಲಿ ಕಾಣುತ್ತದೆ. ಹೀಗೆ ಓಡಾಡುವ ನೀರಿಗೆ ನಿಂತ ಕಂಬದ ಜೆಟ್ಟಿ ಏಕೆ? ಬೇಕಾದದ್ದು ದಡದಿಂದ ಕೆಳಗಿನವರೆಗೂ ಇಳಿಯುವ ಕಲ್ಲುಹಾಸಿನ ಒಂದು ರ‍್ಯಾಂಪ್. ನೀರು ಎಲ್ಲಿದ್ದರೂ ರ‍್ಯಾಂಪಿನ ಯಾವುದಾದರೂ ಒಂದು ಕಡೆಗೆ ತಾಗಿರುತ್ತದೆ. ನಾನು ಪರಿಚಯದವರಿಂದ ನೆಲದ ಏರಿಳಿತ ಅಳೆಯುವ ಲೆವೆಲ್ ಉಪಕರಣ ಎರವಲು ತಂದು, ಸಂಘದ ಹೆಂಗಸರ ಕೈಯಲ್ಲಿ ಅಳತೆಯ ಕೋಲು ಹಿಡಿಸಿ, ಒಂದು ಡ್ರಾಯಿಂಗ್ ಮಾಡಿದೆ. ಒಳ್ಳೆಯ ಡ್ರಾಯಿಂಗ್ ಅದು. ಈಗಲೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಅದನ್ನು ಮೊದಲು ತೋರಿಸಿದ್ದು ಸಂಘದ ಅಧ್ಯಕ್ಷೆಗೆ. ನಲವತ್ತು ದಾಟಿದ ಹೆಂಗಸು, ಮಾತು ಖಡಕ್ಕು. ಡ್ರಾಯಿಂಗನ್ನು ನೆಲದ ಮೇಲೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು:

"ನೀರು ಎಲ್ಲಿಗ್ ಹೋಗ್ತೈತಿ ಅಂತ ನಮಗೇನ್ ಗೊತ್ತಿಲ್ಲೇನ್ರಿ ಮೇಡಂ. ಆದ್ರ ಪೂಜಿ ಆದ ಗೂಟ ಕೀಳಾಕ ನಮ್ ಹೆಣ್ಮಕ್ಳು ಒಪ್ಪಂಗಿಲ್ಲ. ಮತ್ತ ಈಗ ಇದು ಬ್ಯಾಡ, ಬ್ಯಾರೆ ಕೊಡ್ರಿ ಅಂದ್ವಿ ಅಂದ್ರ ಇದೂ ಹೋಗ್ತೈತಿ. ಮೊದ್ಲು ಸಿಮೆಂಟ್ ಬೀಳ್ಲಿ. ಸಿಮೆಂಟ್ ಬಿದ್ದಲ್ಲಿಗೆ ಒಂದ್ ದಾರಿ ಮಾಡ್ಬೇಕಲ್ರಿ ಅವ್ರು? ಗೌಡ್ರ ತ್ವಾಟದಾಗ ಹಾಯ್ದು ಸರಕಾರದ ಜೆಟ್ಟಿ ಕಟ್ಟಿಗೆ ಹೋಗ್ರಿ ಅಂತ ಹೇಳಾಕ ಬರ್ತೈತೇನು?"

ಒಪ್ಪಬೇಕಾಯಿತು. ಆದರೂ ಡ್ರಾಯಿಂಗ್ ಹಿಡಿದು ಇಲಾಖೆಗೆ ಹೋದೆ. ಮಂಜೂರಾಗಿರುವುದು ಜೆಟ್ಟಿ, ರ‍್ಯಾಂಪ್ ಬೇರೆ ಲೆಕ್ಕ ಶೀರ್ಷಿಕೆ, ಅದಕ್ಕೆ ಹೊಸ ಪ್ರಸ್ತಾವ ಬೇಕು, ಹೊಸ ಪ್ರಸ್ತಾವ ಹಾಕಿದರೆ ಹಳೆಯದು ತಾನಾಗಿ ರದ್ದು. ಅಧ್ಯಕ್ಷೆ ನೆಲದ ಮೇಲೆ ಕೂತು ಹೇಳಿದ್ದನ್ನೇ ಅವರು ಫ್ಯಾನಿನ ಕೆಳಗೆ ಹೇಳಿದರು.

ಆ ಚಳಿಗಾಲ ನೀರು ಹಿಂದೆ ಸರಿಯಿತು, ಗುತ್ತಿಗೆದಾರ ಬಂದ. ಅವನಷ್ಟು ಖುಷಿಯಾದ ಗುತ್ತಿಗೆದಾರನನ್ನು ನಾನು ಕಂಡಿಲ್ಲ. ನೀರಿನಲ್ಲಿ ಕಟ್ಟಬೇಕಾದ ಜೆಟ್ಟಿಯನ್ನು ಒಣ ನೆಲದಲ್ಲಿ ಕಟ್ಟಿದ. ಪಂಪಿಲ್ಲ, ಮರಳು ಚೀಲದ ಒಡ್ಡಿಲ್ಲ. ಕಂಬದ ಗುಂಡಿ ತೋಡುವಾಗ ಪಕ್ಕದ ಹೊಲದಲ್ಲಿ ಕಳೆಗೆ ಎಡೆ ಹೊಡೆಯುತ್ತಿದ್ದವರು ನಿಂತು, "ಏನ್ರಿ ಇದು, ಹಡಗಾ ಬರ್ತೈತೇನು ಇಲ್ಲಿ?" ಎಂದು ಕೇಳುತ್ತಿದ್ದರು. ಅಧ್ಯಕ್ಷೆ, "ಬರ್ತೈತಿ, ನಿಮ್ಮತ್ತಿ ಮನಿಯವ್ರು ಇಳೀತಾರ" ಅನ್ನುತ್ತಿದ್ದಳು. ಮಳೆಗಾಲಕ್ಕೆ ಮುಂಚೆ ಜೆಟ್ಟಿ ಮುಗಿಯಿತು. ನೀಲಿ ಬಣ್ಣದ ಕಟಾಂಜನ, ಒಂದು ಬೋರ್ಡು. ಅವಳು ಹೇಳಿದಂತೆಯೇ ದಾರಿಯೂ ಆಯಿತು: ಹಳ್ಳದ ಪಕ್ಕದ ಖರಾಬು ಜಾಗದಲ್ಲಿ ಜಲ್ಲಿ ಹಾಕಿದ ರಸ್ತೆ, ಗೌಡರ ಬೇಲಿಯ ಹೊರಗಿನಿಂದ ನೇರವಾಗಿ ಜೆಟ್ಟಿಗೆ.

ನೀರು ತುಂಬಿದಾಗ ಜೆಟ್ಟಿ ನಿಜವಾಗಿಯೂ ಜೆಟ್ಟಿಯಾಯಿತು. ತೆಪ್ಪಗಳು ಬಂದು ತಾಗಿದವು, ಕ್ರೇಟುಗಳು ಕೈಯಿಂದ ಕೈಗೆ ಏರಿದವು, ಜಲ್ಲಿ ರಸ್ತೆಯಲ್ಲಿ ಹೊರಗಿನ ಗಾಡಿ ನಿಂತಿತು. ಸಾಯಂಕಾಲ ಊರಿನ ಹುಡುಗಿಯರು ಕಟಾಂಜನ ಹಿಡಿದು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೂ ಒಂದು ಕುರ್ಚಿ ಹಾಕಿಕೊಟ್ಟಿದ್ದರು. ನೀರಿನ ಮೇಲೆ ಬೆಳಕು ಇಳಿಯುವುದನ್ನು ನೋಡುತ್ತ, ಸರಿ, ಇಷ್ಟಾದರೂ ಆಯಿತಲ್ಲ ಅಂದುಕೊಂಡೆ. ಆದರೆ ಮೀನು ಜೋರಾಗಿ ಸಿಗುವುದು ನೀರು ಇಳಿದ ಮೇಲೆ.

ಕಾರ್ತಿಕದಲ್ಲಿ ನೀರು ಇಳಿಯತೊಡಗಿತು. ಜೆಟ್ಟಿಯ ಕಾಲು ಮೊದಲು ಕೆಸರಲ್ಲಿ, ಆಮೇಲೆ ಒಣ ನೆಲದಲ್ಲಿ. ನೀರಿನ ಬೆನ್ನ ಹಿಂದೆಯೇ ಗೌಡರ ಟ್ರ್ಯಾಕ್ಟರ್ ಹೋಯಿತು. ಆ ಭಾಗದ ಪದ್ಧತಿ ಅದು: ಹಿನ್ನೀರು ಸರಿದು ಬಿಟ್ಟ ನೆಲದಲ್ಲಿ ಎಲ್ಲರೂ ಕಡಲೆ, ಜೋಳ ಬಿತ್ತುತ್ತಾರೆ. ನೆಲ ಸರಕಾರದ್ದು, ಬೆಳೆ ಬಿತ್ತಿದವರದ್ದು. ಸಂಕ್ರಾಂತಿ ಹೊತ್ತಿಗೆ ನಮ್ಮ ನೀಲಿ ಜೆಟ್ಟಿ ಕಡಲೆ ಹೊಲದ ನಡುವೆ ಕಾವಲಿನ ಅಟ್ಟದ ಹಾಗೆ ನಿಂತಿತ್ತು. ಜೆಟ್ಟಿಯಿಂದ ನೀರಿನವರೆಗೆ ಕಾಲಿಡಲು ಜಾಗವಿಲ್ಲ, ಎಲ್ಲವೂ ಹಸಿರು. ಹೆಂಗಸರು ಮತ್ತೆ ಗೇಟಿನ ದಾರಿ ಹಿಡಿದರು. ತೋಟದಿಂದ ಇಳಿಯುವ ಬಂಡಿದಾರಿಯ ಎದುರಿನ ಸಾಲನ್ನು ಮಾತ್ರ ಗೌಡರು ಬಿತ್ತದೆ ಬಿಟ್ಟಿದ್ದರು.

ನಾನೇ ಹೋಗಿ ಮಾತಾಡಿದೆ. ಗೌಡರು ಕುರ್ಚಿ ಹಾಕಿಸಿದರು, ಚಹಾ ತರಿಸಿದರು.

"ಅಕ್ಕಾರ, ನಿಮ್ ಕಟ್ಟಿಗೆ ನಾ ಅಡ್ಡ ಬಂದೀನೇನ್ರಿ? ರಸ್ತಾಕ್ಕ ಅಡ್ಡ ಬಂದೀನೇನ್ರಿ? ಕಟ್ಟಿ ಮುಟ್ಟೂ ತನಕ ನಿಮ್ದು. ಅದರ ಮುಂದಿನ ಕಡ್ಲಿ ನಂದು. ಬೆಳಿ ತುಳಕೊಂಡು ಹೋಗ್ರಿ ಅಂತ ನೀವ ಹೇಳ್ತೀರೇನು?"

ನಾನು ಚಹಾ ಕುಡಿದು ಎದ್ದೆ. ಚಹಾ ಚೆನ್ನಾಗಿತ್ತು, ಅದು ಇನ್ನಷ್ಟು ಸಿಟ್ಟು ತರಿಸಿತು.

ಆಮೇಲಿನ ಬೇಸಿಗೆ ಪೂರ್ತಿ ನಾನು ಕಚೇರಿಗಳಿಗೆ ಅಲೆದೆ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು, ಕೂಡ್ಲಿಗಿಯಲ್ಲಿ ಒಂದು, ಹೊಸಪೇಟೆಯಲ್ಲಿ ಎರಡು. ಡ್ರಾಯಿಂಗನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಜಲಾಶಯದವರು, ನೆಲ ನಮ್ಮದು ಹೌದು, ಆದರೆ ಪೂರ್ಣ ಮಟ್ಟದ ಕೆಳಗೆ ನಾವು ರಸ್ತೆ ಮಾಡುವುದಿಲ್ಲ ಅಂದರು. ಕಂದಾಯದವರು ಮುಳುಗಡೆ ನೆಲ ನಮ್ಮ ನಕ್ಷೆಯಲ್ಲೇ ಇಲ್ಲ ಅಂದರು. ಪಂಚಾಯಿತಿಯವರು ನೀರು ಇರುವ ಜಾಗಕ್ಕೆ ರಸ್ತೆ ಕೇಳುತ್ತೀರಲ್ಲ ಎಂದು ನಕ್ಕರು. ಜೆಟ್ಟಿ ಮಂಜೂರು ಮಾಡಿದವರಂತೂ, ಕಾಮಗಾರಿ ಪೂರ್ಣಗೊಂಡಿದೆ, ಫೋಟೋ ಇದೆ ಅಂದರು. ಫೋಟೋದಲ್ಲಿ ನೀರು ತುಂಬಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು, 'ಪ್ಲೀಸ್' ಅಂದರೆ ತೆರೆಯದ ಬಾಗಿಲಿಲ್ಲ ಎಂದು ಕಲಿಸಿದ್ದರು. ನಮ್ಮ ಕಚೇರಿಗಳಲ್ಲಿ ಪ್ಲೀಸ್ ಅಂದರೆ ಕೂರಲು ಹೇಳುತ್ತಾರೆ. ಕೂತಿರುತ್ತೇವೆ.

ಒಳಗೊಳಗೇ ನನಗೆ ಅವರಿಗಿಂತ ಕಾಗದದ ಮೇಲೆ ಹೆಚ್ಚು ಸಿಟ್ಟು ಬಂದಿತ್ತು. ವರ್ಷದ ಅರ್ಧ ನೀರಾಗಿ, ಅರ್ಧ ನೆಲವಾಗಿ ಇರುವ ಜಾಗವನ್ನು ಏನೆಂದು ಬರೆಯುವುದು ಎಂದು ಯಾವ ಕಾಗದಕ್ಕೂ ಗೊತ್ತಿರಲಿಲ್ಲ. ಅಲ್ಲಿ ನಡೆಯುವುದೆಲ್ಲ ಬಾಯಿಮಾತಿನ ಮೇಲೆ. ಸರ್ವೀಸಿನ ಉದ್ದಕ್ಕೂ ಬಾಯಿಮಾತನ್ನು ನಂಬಬೇಡ ಎಂದು ಕಿರಿಯರಿಗೆ ಹೇಳಿದವಳು ನಾನು.

ತಿರುವು ಬಂದದ್ದು ಒಂದು ಜಗಳದಿಂದ. ಮಾರನೇ ವರ್ಷ ದಸರಾ ಕಳೆದಿತ್ತು, ನೀರು ಇನ್ನೇನು ಇಳಿಯಬೇಕು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಇಬ್ಬರು ರೈತರು ಹಿನ್ನೀರ ನೆಲಕ್ಕಾಗಿ ಜಗಳಾಡುತ್ತಿದ್ದರು. ಒಬ್ಬ ಹೋದ ವರ್ಷ ಇನ್ನೊಬ್ಬನ ಕಡೆಗೆ ಎರಡು ಸಾಲು ಜಾಸ್ತಿ ಬಿತ್ತಿದ್ದನಂತೆ.

"ನಿನ್ನ ಹೊಲದ ಎದುರಿಗೆ ಎಷ್ಟೈತೋ ಅಷ್ಟು ನಿಂದು. ನನ್ನೆದುರಿನದಕ್ಕ ಯಾಕ್ ಬಂದಿ?"

"ಎದುರು ಅಂದ್ರ ನೇರಕ್ಕ ನೋಡ್ಬೇಕಲೇ, ವಾರಿ ನೋಡಿದ್ರ ಹೆಂಗ?"

ಚಹಾದಂಗಡಿಯವನೂ ಸೇರಿದಂತೆ ಎಲ್ಲರೂ ತಲೆದೂಗಿದರು. ದಡದಲ್ಲಿ ಯಾರ ಹೊಲವೋ, ಅದರ ಎದುರಿಗೆ ನೀರು ಸರಿದ ನೆಲ ಅವರದು, ನೀರಿನವರೆಗೂ ಅವರದು. ಆದರೆ ಬಿತ್ತಬೇಕು. ಬಿತ್ತದೆ ಬಿಟ್ಟರೆ ಪಕ್ಕದವನು ಬಿತ್ತಬಹುದು, ಯಾರೂ ತಪ್ಪೆನ್ನುವುದಿಲ್ಲ. ಕೇಳುತ್ತ ಕೇಳುತ್ತ ನನ್ನ ಚಹಾ ತಣ್ಣಗಾಯಿತು. ಜೆಟ್ಟಿ ಇರುವುದು ದಡದಲ್ಲಿ. ಅದರ ಎದುರಿಗಿನದು ಯಾರದು? ಹೋದ ವರ್ಷ ನಾವು ಬಿತ್ತಲಿಲ್ಲ, ಅದಕ್ಕೇ ಗೌಡರು ಬಿತ್ತಿದರು. ಪದ್ಧತಿಯ ಪ್ರಕಾರ ಅವರು ಮಾಡಿದ್ದು ಸರಿ.

ಅಲ್ಲಿಂದ ನೇರ ಅಧ್ಯಕ್ಷೆಯ ಮನೆಗೆ ಹೋದೆ. "ಅರ್ಜಿ ಬರೆಯೋದು ಸಾಕು. ಈ ವರ್ಷ ಜೆಟ್ಟಿ ಎದುರು ನೀವೇ ಬಿತ್ತಿಬಿಡ್ರಿ" ಅಂದೆ.

ಅವಳು ನನ್ನ ಮುಖ ನೋಡಿದಳು. "ಮೇಡಂ, ನಾವು ಮೀನಿನ ಬಲಿ ಹಿಡಿಯೋರು. ಬಿತ್ತೋ ಕೂರಿಗಿ ಯಾವ ಕಡಿಂದ ಹಿಡೀತಾರ ಅಂತ ಗೊತ್ತಿಲ್ಲ. ನಾಕ್ ಮಂದಿ ನಗ್ತಾರ್ರಿ."

"ನಗಲಿ. ಬಿತ್ತಿದ ನೆಲ ನಿಮ್ಮದಾಗ್ತದೆ. ನಿಮ್ಮ ಬೆಳೆ ನೀವು ತುಳಕೊಂಡು ಹೋಗ್ರಿ, ಕೇಳೋರು ಯಾರು?"

"ಸರಕಾರದ ನೆಲದಾಗ ಬಿತ್ರಿ ಅಂತ ನೀವ ಹೇಳ್ತೀರೇನ್ರಿ? ಪೆನ್‌ಷನ್ ನಿಲ್ಲಿಸಿದ್ರ?"

ಅವಳು ತಮಾಷೆಗೆ ಅಂದಳು. ನನಗೆ ಆ ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಮುಳುಗಡೆ ನೆಲದಲ್ಲಿ ಬಿತ್ತಿದವರಿಗೆ ನೋಟೀಸು ಕೊಡುವ ಕಡೆಯಲ್ಲಿ ನಾನು ಕುಳಿತಿದ್ದೆ ಒಂದು ಕಾಲದಲ್ಲಿ. ಆದರೆ ಒಂದು ಬೇಸಿಗೆ ಪೂರ್ತಿ ಕಾನೂನನ್ನು ಅದರ ಮನೆಬಾಗಿಲಿಗೇ ಹೋಗಿ ಕೇಳಿಯಾಗಿತ್ತು, ಅದು ಹೊರಗೆ ಬಂದಿರಲಿಲ್ಲ. ಬೆಳಗಾಗುವ ಹೊತ್ತಿಗೆ ತೀರ್ಮಾನ ಮಾಡಿದ್ದೆ.

ಸಂಘದ ಸಭೆಯಲ್ಲಿ ಚರ್ಚೆಯಾದದ್ದು ಏನು ಬಿತ್ತಬೇಕು ಎಂಬುದರ ಮೇಲೆ. ಕಡಲೆ ತುಳಿದರೆ ಉಳಿಯುವುದಿಲ್ಲ. ಜೋಳ ಎತ್ತರ. ಕೊನೆಗೆ ಎರಡೂ ಅಂಚಿಗೆ ಗಡಿಯ ಗುರುತಾಗಿ ಎರಡೆರಡು ಸಾಲು ಕಡಲೆ, ನಡುವೆ ಗಾಡಿ ಹೋಗುವಷ್ಟು ಅಗಲಕ್ಕೆ ಹುರುಳಿ ಎಂದಾಯಿತು. ಹುರುಳಿ ನೆಲಕ್ಕೆ ಹಬ್ಬುತ್ತದೆ, ತುಳಿದರೂ ಒಂದಿಷ್ಟು ಏಳುತ್ತದೆ. ತುಳಿಯಲೆಂದೇ ಬಿತ್ತುವ ಬೆಳೆ.

ಗಡಿ ಹಾಕುವುದು ನನ್ನ ಕೆಲಸ. ರೈತರು ಹೊಲದ ಗಡಿಕಲ್ಲಿನ ಬಳಿ ನಿಂತು ಎದುರು ದಡದ ಗುಡ್ಡದ ತುದಿ ಹಿಡಿದು ಕಣ್ಣಂದಾಜಿನಲ್ಲಿ ಗೆರೆ ನೋಡುತ್ತಾರೆ. ಜಗಳ ಹುಟ್ಟುವುದೇ ಅಲ್ಲಿ. ನಾನು ಜೆಟ್ಟಿಯ ಎರಡೂ ಬದಿಯಿಂದ ಗೆರೆ ನೇರ ಹಿಡಿಯುವ ಕೆಂಪು ಬಿಳಿ ರೇಂಜಿಂಗ್ ರಾಡ್ ನೆಟ್ಟು, ಎರಡು ಸಮಾನಾಂತರ ಗೆರೆ ಇಳಿಸಿದೆ. ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ. ನೀರು ಸರಿದ ಮೇಲೆ ಕೆಸರು ಗಟ್ಟಿಯಾಗಬೇಕು. ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಹೂತುಹೋಗಬಾರದು. ಆ ಹದ ಎರಡು ಮೂರು ದಿನ ಮಾತ್ರ ಇರುತ್ತದೆ. ಹದ ತಪ್ಪಿದರೆ ಎರೆಮಣ್ಣು ಬಿರಿಯುತ್ತದೆ. ಆದ್ದರಿಂದ ನೀರು ಸರಿದಷ್ಟು ಸಾರಿ ರಾಡು ಮುಂದೆ ನೆಡುವುದು, ಬಿತ್ತುವುದು, ಮತ್ತೆ ಕಾಯುವುದು.

ಮೊದಲ ಪಟ್ಟಿ ಬಿತ್ತುವ ಬೆಳಿಗ್ಗೆ ಬಾಡಿಗೆಯ ಎತ್ತು, ಕೂರಿಗೆ ತಂದಿದ್ದೆವು. ಗೌಡರ ಟ್ರ್ಯಾಕ್ಟರ್ ಬಂದು ರಾಡಿನ ಹತ್ತಿರ ನಿಂತಿತು. ಹಿಂದೆಯೇ ಮೋಟಾರ್ ಸೈಕಲ್ಲಿನಲ್ಲಿ ಗೌಡರು. ಅಕ್ಕಪಕ್ಕದ ಹೊಲದವರು ಕೆಲಸ ನಿಲ್ಲಿಸಿ ಹತ್ತಿರ ಬಂದರು.

"ಏನ್ ಅಕ್ಕಾರ, ಮೀನು ಬಿತ್ತಾಕತ್ತೀರೇನು?" ಅಂದರು ಗೌಡರು.

"ಹುರುಳಿ ರೀ ಗೌಡ್ರ" ಅಂದಳು ಅಧ್ಯಕ್ಷೆ.

"ಯಾರ್ ನೆಲದಾಗ?"

"ನೀವು ಯಾರ್ ನೆಲದಾಗ ಬಿತ್ತೀರೋ ಅವ್ರ ನೆಲದಾಗ."

ಯಾರೋ ಕಿಸಕ್ಕೆಂದರು. ಗೌಡರು ನಗಲಿಲ್ಲ. "ಹೊಲದ ಎದುರಿಂದು ಹೊಲದವನಿಗೆ. ಕಟ್ಟಿ ಏನ್ ಹೊಲೇನು?"

ನಾನು ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ, ಫ್ರಂಟೇಜ್, ರೈಟ್ ಆಫ್ ವೇ ಎಂಬ ಕಾನೂನಿನ ಮಾತೆಲ್ಲ. ಬಾಯಿ ತೆರೆಯುವುದರೊಳಗೆ ಪಕ್ಕದ ಹೊಲದ ಮುದುಕ ಮಾತಾಡಿದ. "ಗೌಡ್ರ, ಎದುರಿನ ಮಾತು ಇವ್ರಿಗೆ ಇಲ್ಲ ಅಂದ್ರ ನಾಳೆ ನನಗೂ ಇಲ್ಲ ಅಂತೀರಿ. ಹಂಗಾದ್ರ ನಿಮಗೂ ಇಲ್ಲ. ಅದೊಂದ್ ಮಾತಿನ ಮ್ಯಾಲ ನಿಂತೀವಲ್ರಿ ಎಲ್ಲಾರೂ."

ಗೌಡರು ಸುತ್ತ ನೋಡಿದರು. ಕಚೇರಿಗೆ ಹೋಗುವ ದಾರಿ ಅವರಿಗೂ ಇರಲಿಲ್ಲ. ಹೋದರೆ ನಿಮ್ಮ ಕಡಲೆ ಯಾವ ಸರ್ವೆ ನಂಬರಿನಲ್ಲಿದೆ ಎಂದು ಮೊದಲು ಕೇಳುತ್ತಾರೆ. "ಹಿಂದಕ್ ತಗಿ" ಎಂದು ಡ್ರೈವರನಿಗೆ ಹೇಳಿ, ಮೋಟಾರ್ ಸೈಕಲ್ ತಿರುಗಿಸಿದರು.

ಗೆದ್ದೆವು ಅಂದುಕೊಂಡೆ. ಆದರೆ ಹುರುಳಿ ಮೊಳಕೆಯೊಡೆದು ಹಸಿರಾದ ಕೂಡಲೇ ಹೊಸ ತಲೆನೋವು ಶುರುವಾಯಿತು. ಅದರ ಮೇಲೆ ಯಾರೂ ಕಾಲಿಡಲಿಲ್ಲ.

ದಾರಿಗೆಂದು ಬಿತ್ತಿದ್ದು, ಮೀನಿನ ಕ್ರೇಟು ಹೊತ್ತು ಅದರ ಮೇಲೆ ನಡೆಯಬೇಕು. ನಡೆಯುತ್ತಿರಲಿಲ್ಲ. ಗೆರೆಯ ಹೊರಗೆ, ಗೌಡರ ಕಡಲೆಯ ಅಂಚಿನಲ್ಲಿ, ಒಬ್ಬರ ಹಿಂದೆ ಒಬ್ಬರು ಒಂದು ಕಾಲು ಇಲ್ಲಿ ಒಂದು ಕಾಲು ಅಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಒಂದು ಕ್ರೇಟು ಬಿದ್ದು ಮೀನೆಲ್ಲ ಮಣ್ಣಾಯಿತು. ಸಂಘದ ಹಿರಿಯ ಸದಸ್ಯೆಯೊಬ್ಬಳನ್ನು ಕೇಳಿದೆ.

"ಹೆಂಗ್ ಎದ್ದೈತಿ ನೋಡ್ರಿ ಮೇಡಂ" ಅಂದಳು. "ನಾವ ಕೈಯಾರ ಹಾಕೀವಿ. ಅದರ ಮ್ಯಾಲ ಕಾಲಿಡಾಕ ಮನಸು ಬರವಲ್ದು."

"ತುಳೀಲಿಕ್ಕೇ ಅಲ್ವಾ ಹಾಕಿದ್ದು?"

"ಹಾಕೋ ಮುಂದ ಹಂಗ ಅನಿಸಿತ್ರಿ."

ವಾರ ಕಳೆಯುವುದರೊಳಗೆ ಗೌಡರು ನಮ್ಮ ಮನೆಯವರೆಗೂ ಬಂದರು. "ಅಕ್ಕಾರ, ತುಳಿಯಾಕಂತ ಬಿತ್ತಿದ್ದು ನಿಮ್ದು. ತುಳಿಯಾಕತ್ತಿದ್ದು ನಂದು. ಇದು ಯಾವ ಇಂಜಿನಿಯರಿಂಗ್ ರೀ?"

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಇಷ್ಟು ಮಾಡಿ, ಕೊನೆಗೆ ನಮ್ಮವರೇ ಬೇರೆಯವರ ಬೆಳೆ ಹಾಳು ಮಾಡಿದರು ಎಂದಾದರೆ, ಅವತ್ತು ನಮ್ಮ ಪರ ಮಾತಾಡಿದ ಮುದುಕನೂ ತಿರುಗಿ ನಿಲ್ಲುತ್ತಾನೆ. ಮಾರನೇ ದಿನ ಹೋಗಿ ಎಲ್ಲರನ್ನೂ ಜೆಟ್ಟಿಯ ಹತ್ತಿರ ಸೇರಿಸಿ, ನನಗೆ ತಡೆಯಲಾಗದೆ, "ವಾಕ್ ಆನ್ ಇಟ್, ಫಾರ್ ಹೆವನ್ಸ್ ಸೇಕ್. ಇಟ್ ಈಸ್ ಯುವರ್ ರೋಡ್" ಎಂದುಬಿಟ್ಟೆ.

"ಮೇಡಂ ಇಂಗ್ಲಿಷಿಗೆ ಬಂದ್ರು. ಎಲ್ರೂ ಸುಮ್ನಿರ್ರಿ" ಅಂದಳು ಅಧ್ಯಕ್ಷೆ.

ಮಾತಿನಿಂದ ಆಗುವುದಿಲ್ಲ, ನಡೆದು ತೋರಿಸೋಣ ಎಂದು ನಾನೇ ಹುರುಳಿಯೊಳಗೆ ಇಳಿದೆ. ಇಬ್ಬನಿ ಇನ್ನೂ ಆರಿರಲಿಲ್ಲ. ಎಲೆಗಳು ಪಾದಕ್ಕೆ ತಣ್ಣಗೆ ತಾಗಿದವು. ಎರಡು ಹೆಜ್ಜೆಗೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದೆ. ಇನ್ನೂ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಅಂಚಿಗೆ ಸರಿದಿದ್ದೆ. ಹಿಂದೆ ಯಾರೂ ನಗಲಿಲ್ಲ, ಅದೊಂದು ಪುಣ್ಯ.

ಅಧ್ಯಕ್ಷೆ ಬಗ್ಗಿ ಒಂದು ಬಳ್ಳಿ ಕಿತ್ತು ನೋಡಿದಳು. "ಕೊಯ್ದು ಬಿಡೋಣ್ರಿ" ಅಂದಳು. "ಕಾಯಿ ಕಟ್ಟೂ ತನಕ ಕಾಯಾದು ಬ್ಯಾಡ. ಹಸಿಮೇವು ಆಗ್ತೈತಿ. ಕೊಯ್ದ ನೆಲದಾಗ ಅಡ್ಯಾಡಾಕ ಯಾರ್ಗೂ ಏನೂ ಅನಸಂಗಿಲ್ಲ."

ನನಗೆ ಹೊಳೆಯದೆ ಹೋದದ್ದು ಅಷ್ಟೇ. ಬೆಳೆದದ್ದನ್ನು ತುಳಿಯಬಾರದು, ಕೊಯ್ಯಬಹುದು. ದನಗಳಿಗೆ ಹಾಕಿದರೆ ಬಿತ್ತಿದ್ದಕ್ಕೂ ಅರ್ಥ ಬಂತು.

ಕುಡುಗೋಲು ಹಿಡಿದು ಮೇಲಿನ ಪಟ್ಟಿಯಿಂದ ಕೊಯ್ಯುತ್ತ ಬಂದರು. ಎತ್ತು, ಎಮ್ಮೆ ಇದ್ದವರ ಮನೆಗೆಲ್ಲ ಒಂದೊಂದು ಹೊರೆ ಎಂದು ಹಂಚಿದರು. ಊರಿನಲ್ಲಿ ಆ ಹೊತ್ತಿಗೆ ಹಸಿಮೇವು ಎಲ್ಲೂ ಇರಲಿಲ್ಲ, ಮುದುಕನಂತೂ ಎರಡು ಹೊರೆ ಕೇಳಿ ಒಯ್ದ. ಸಂಜೆಯ ಹೊತ್ತಿಗೆ ಗೌಡರು ಬಂದು ಜೆಟ್ಟಿಯ ಕಂಬಕ್ಕೆ ಆತು ನಿಂತರು. ಆಮೇಲೆ, ಯಾರನ್ನೂ ನೋಡದೆ, "ನಮ್ ಎತ್ತಿಗೆ ಒಂದ್ ಹೊರಿ ಇಲ್ಲೇನು?" ಅಂದರು.

ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅಧ್ಯಕ್ಷೆ ಎದ್ದು, ಇದ್ದುದರಲ್ಲಿ ದೊಡ್ಡ ಹೊರೆ ಆರಿಸಿ, ತಾನೇ ಎತ್ತಿ ಅವರ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಟ್ಟಳು. "ಬಿದ್ದೀತ್ರಿ ಗೌಡ್ರ, ಸಾವಕಾಶ ಹೋಗ್ರಿ" ಅಂದಳು.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಇಸಗೊಂಡ್ರು ನೋಡ್ರಿ."

"ಅದಕ್ಕೇನು?"

"ಸ್ವಂತ ಹೊಲದ ಮೇವು ಯಾರಾದ್ರೂ ಕೇಳಿ ಇಸಗೊಂತಾರೇನ್ರಿ? ಹೊಲ ನಮ್ದು ಅಂತ ಇಸಗೊಂಡ್ರು. ನಾಕ್ ಮಂದಿ ನೋಡ್ಯಾರ."

ಆ ಮೇಲೆ ಕೆಳಗಿನ ಪಟ್ಟಿಗಳಿಗೂ ಅದೇ ಕ್ರಮವಾಯಿತು: ಬಿತ್ತು, ಹಸಿರಾಗುತ್ತಲೂ ಕೊಯ್ಯಿ, ನಡೆ. ನೀರಿನ ಅಂಚಿನ ಕೆಸರಿಗೆ ನಾನು ಒಂದು ತೇಲುವ ಅಟ್ಟ ಮಾಡಿಸಿದೆ. ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಬಿದಿರು ಹಾಸಿ, ನೈಲಾನ್ ಹಗ್ಗದಲ್ಲಿ ಬಿಗಿದು, ಎರಡು ಕಡೆ ಕಲ್ಲು ಕಟ್ಟಿ ಇಳಿಬಿಟ್ಟದ್ದು. ಮೊದಲ ದಿನ ಎಲ್ಲ ಕ್ರೇಟುಗಳನ್ನೂ ದಡದ ಕಡೆಯ ಅಂಚಿಗೇ ಪೇರಿಸಿದ್ದರಿಂದ ಅದು ವಾಲಿ, ಇಬ್ಬರನ್ನು ನೀರಿಗೆ ಹಾಕಿತು. ಆ ಅಂಚಿನ ಕೆಳಗೆ ಇನ್ನೊಂದು ಸಾಲು ಡ್ರಮ್ ಸೇರಿಸಿದೆವು. ನೀರು ಸರಿದಂತೆ ಎತ್ತು ಹೂಡಿ ಅದನ್ನು ಕೆಳಕ್ಕೆ ಎಳೆಯುತ್ತಾರೆ. ಸರಕಾರದ ಕಾಂಕ್ರೀಟ್ ಜೆಟ್ಟಿಯ ಕಟಾಂಜನದ ಮೇಲೆ ಈಗ ಬಲೆ ಒಣಗುತ್ತದೆ.

ನನ್ನ ಸಿಟ್ಟು ಹೋಗಿಲ್ಲ, ಅದನ್ನೂ ಬರೆಯಬೇಕು. ಸಾರ್ವಜನಿಕರ ನೀರಿಗೆ ಸಾರ್ವಜನಿಕರು ಹೋಗಬೇಕಾದರೆ ವರ್ಷವರ್ಷವೂ ಹುರುಳಿ ಬಿತ್ತಬೇಕು ಎಂಬುದು ವ್ಯವಸ್ಥೆಯಲ್ಲ. ಒಂದು ವರ್ಷ ಹದ ತಪ್ಪಿದರೆ, ಒಂದು ವರ್ಷ ಎತ್ತು ಸಿಗದಿದ್ದರೆ, ದಾರಿ ಹೋಯಿತು. ನಾನು ಕೊಟ್ಟ ಅರ್ಜಿಗಳಿಗೆ ಇನ್ನೂ ಉತ್ತರ ಬಂದಿಲ್ಲ. ರ‍್ಯಾಂಪಿನ ಡ್ರಾಯಿಂಗನ್ನು ಮತ್ತೆ ಕಳಿಸಿದ್ದೇನೆ, ಮತ್ತೆಯೂ ಕಳಿಸುತ್ತೇನೆ. ನನ್ನ ವಯಸ್ಸಿಗೆ ಇದು ವಿಶ್‌ಫುಲ್ ಥಿಂಕಿಂಗ್ ಎಂದು ತಂಗಿ ಬೈಯುತ್ತಾಳೆ.

ದಾರಿ ನೀರಿನವರೆಗೂ ತಲುಪಿದ ಮೇಲೆ ಒಂದು ಬೆಳಿಗ್ಗೆ ಹೋಗಿದ್ದೆ. ಜಲ್ಲಿ ರಸ್ತೆಯ ಕೊನೆಗೆ ಮೂರು ಗಾಡಿ ನಿಂತಿದ್ದವು. ಹೊಸಪೇಟೆ ಕಡೆಯದೊಂದು, ಹರಪನಹಳ್ಳಿ ಕಡೆಯದೊಂದು. ಮೂರನೆಯದು ಗೌಡರ ಭಾವಮೈದನದು; ಮಾವಿನ ಗಿಡದ ಕೆಳಗಿನ ತಕ್ಕಡಿ ರಸ್ತೆಗೆ ಬಂದಿತ್ತು. ಹೆಂಗಸರು ಕ್ರೇಟುಗಳನ್ನು ಕೆಳಗಿಟ್ಟು ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಹಿರಿಯ ಸದಸ್ಯೆ, ಹರಪನಹಳ್ಳಿಯವನು ತೂಕ ಸರಿ ಹಿಡಿಯುತ್ತಾನೆ ಅನ್ನುತ್ತಿದ್ದಳು. ಇನ್ನೊಬ್ಬಳು, ಹೊಸಪೇಟೆಯವನು ಐಸು ತಂದಿದ್ದಾನೆ ಅನ್ನುತ್ತಿದ್ದಳು. ಭಾವಮೈದ ಮುಂದೆ ಬಂದು, "ನನ್ನ ರೇಟನ್ನೂ ಒಂದೀಟು ಕೇಳ್ರವ್ವಾ" ಅಂದ.

"ಇಷ್ಟ್ ವರ್ಷ ನಿಂದ ಕೇಳೀವಿ, ಸರದಿಗೆ ನಿಂದ್ರು" ಎಂದಳು ಅಧ್ಯಕ್ಷೆ. ಆಮೇಲೆ ನನ್ನನ್ನು ಕಂಡು, "ಮೇಡಂ ಬಂದ್ರು. ಮೇಡಂ, ನೀವ ಹೇಳ್ರಿ, ಯಾರಿಗೆ ಕೊಡೋಣು?" ಅಂದಳು.

"ನನಗೇನು ಗೊತ್ತವ್ವಾ, ನಿಮ್ಮ ಮೀನು" ಎಂದೆ. ಜಗಳ ಮತ್ತೆ ಶುರುವಾಯಿತು. ಬಿಸಿಲೇರುತ್ತಿತ್ತು, ಮೀನಿಗೆ ತಡವಾಗುತ್ತಿತ್ತು, ಯಾರಿಗೂ ಅವಸರ ಇದ್ದಂತೆ ಕಾಣಲಿಲ್ಲ. ನಾನು ಜೆಟ್ಟಿಯ ನೆರಳಿನಲ್ಲಿ ಒಂದು ಖಾಲಿ ಕ್ರೇಟು ಬೋರಲು ಹಾಕಿಕೊಂಡು ಕೂತು, ಅವರು ತೀರ್ಮಾನ ಮಾಡುವವರೆಗೂ ಕೇಳುತ್ತಿದ್ದೆ.